ಕರಿಯಪ್ಪನ ಎಡ ಮಗ್ಗುಲು

ಹಾರೆ ನೆಲಕ್ಕಿಳಿದು ಒಂದು ಬಾಂಡ್ಲಿ ಮಣ್ಣೂ ಮೇಲೆ ಬಂದಿರಲಿಲ್ಲ, ಚಲುವರಾಜುವಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸಾವಿನ ಸುದ್ದಿ ತಿಳಿದ ನೆಂಟರು ಯಾರೋ ಮಾಡಿರಬೇಕೆಂದು ಅವನು ಮೂಗು ಒರೆಸಿಕೊಂಡು ಕಿವಿಗಿಟ್ಟ.

"ನಾಲೆ ಏರಿಯ ಬುಡದಲ್ಲಿ ಯಾರೋ ಅಗೀತಿದ್ದಾರೆ. ನಿಮ್ಮ ಜಮೀನಲ್ಲೇ. ತಕ್ಷಣ ನಿಲ್ಸಿ" ಎಂದಿತು ಒಂದು ಎಳೆಯ ದನಿ.

ಚಲುವರಾಜು ಸುತ್ತ ನೋಡಿದ. ಏರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಂಗೆ ಮರದ ಕೆಳಗೆ ಅವನಪ್ಪ ಕರಿಯಪ್ಪನ ಮಣ್ಣಿನ ಸಮಾಧಿ. ಅದರ ಎಡಕ್ಕೆ ಹಾರೆ ಹಿಡಿದ ಕೆಂಪಸಿದ್ದಯ್ಯ. ಕುಡಿಯಲು ನೀರು ತಂದು ನಿಂತಿದ್ದ ಹೆಂಡತಿ ವೀಣ. ಅಷ್ಟೆ.

"ಗುಣಿ ತೋಡುಸ್ತಾ ಇವ್ನಿ ಸಾ. ನಮ್ಮವ್ವ ತೀರೋಗವ್ರೆ."

"ಅಯ್ಯೋ... ಆದ್ರೂ ನಿಲ್ಸಿ. ಮಳವಳ್ಳಿಲೇ ಇದೀನಿ, ಬಂದೆ."

ಊರಿನ ಗುಣಿಗಳನ್ನೆಲ್ಲ ತೋಡಿದ ಕೆಂಪಸಿದ್ದಯ್ಯ ಹಾರೆಯನ್ನು ಮರಕ್ಕೆ ಒರಗಿಸಿದ. "ಅದ್ಯಾವನ್ಲಾ ಅವ್ನು, ಅಲ್ಲೆಲ್ಲೋ ಕುಂತ್ಕಂಡು ನನ್ ಆರೆ ಏಟು ಕೇಳ್ಸ್ಕಳೋನು?"

ವೀಣಳಿಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಏರಿ ಅಲ್ಲಲ್ಲಿ ಜರುಗುತ್ತಿದೆ ಎಂದು ಅದರ ಬುಡದುದ್ದಕ್ಕೂ ಒಂದು ಕಪ್ಪು ಕೇಬಲ್ಲು ಹೂತಿದ್ದರು. ಆಗ ಬಂದಿದ್ದವನೇ ಈ ಸುಹಾಸ್, ಮಂಡ್ಯದ ಹುಡುಗ, ಮಳವಳ್ಳಿ ನೀರಾವರಿ ಆಫೀಸಿನ ಹೊಸ ಎಂಜಿನಿಯರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ, ಕೇಬಲ್ಲಿನೊಳಗೆ ಕೂದಲಿನಂಥ ಗಾಜಿನ ಎಳೆ ಇದೆ, ಅದರಲ್ಲಿ ಬೆಳಕು ಓಡುತ್ತಿರುತ್ತದೆ, ಮಣ್ಣು ಎಳ್ಳಷ್ಟು ಅಲುಗಿದರೂ ಆಫೀಸಿನಲ್ಲಿ ಗೊತ್ತಾಗುತ್ತದೆ ಎಂದು ವಿವರಿಸಿದ್ದ. ಅತ್ತೆ ದೇವಿರಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಾ ಕೇಳಿಸಿಕೊಂಡಿದ್ದಳು.

"ಅಂಗಾದ್ರೆ ನಮ್ ಯಜಮಾನ್ರು ಮಗ್ಗುಲು ಬದಲಾಯ್ಸುದ್ರೆ ನನಗೊಂದು ಮಾತು ಯೋಳ್ ಮಗ. ನನ್ನ ಜಾಗ ಒತ್ತರಿಸ್ಬುಟ್ಟಾರು."

ಹುಡುಗ ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕಿದ್ದ. ಆಮೇಲೆ ಬೋರು ಕೊರೆಸುವಂತಿಲ್ಲ, ಪಾಯ ತೆಗೆಯುವಂತಿಲ್ಲ, ಯಾವ ಅಗೆತವೂ ಕೂಡದು ಎಂದು ಷರತ್ತು ಹೇಳಿದಾಗ ಚಲುವರಾಜು ಬೋರಿನ ಬಗ್ಗೆಯಷ್ಟೇ ಯೋಚಿಸಿ ಒಪ್ಪಿಕೊಂಡ. ಗುಣಿಯೂ ಅಗೆತವೇ ಎಂದು ಅವನಿಗೆ ಹೊಳೆಯಲಿಲ್ಲ. ದೇವಿರಮ್ಮನಿಗೂ ಹೊಳೆಯಲಿಲ್ಲ. ಗಂಡನ ಎಡಗಡೆಯ ಆ ಜಾಗದಲ್ಲಿ ಕಳೆ ಕೀಳುವುದನ್ನಾಗಲಿ, ಅಲ್ಲಿ ಹಸು ಕಟ್ಟಿದವರನ್ನು ಬೈಯುವುದನ್ನಾಗಲಿ ಅವಳು ಬಿಡಲಿಲ್ಲ. ಹಾಸಿಗೆ ಹಿಡಿದ ಮೇಲೆ, ಗಂಜಿ ಕುಡಿಸುತ್ತಿದ್ದ ಸೊಸೆಯ ಕೈಹಿಡಿದು, "ನನ್ನ ಅಲ್ಲೇ ಮಲುಗ್ಸವ್ವ. ಇನ್ನೇನೂ ಬ್ಯಾಡ" ಎಂದಿದ್ದಳು. ವೀಣ ಹೂಂ ಅಂದಿದ್ದಳು.

ಪಕ್ಕದ ಊರು ಪೂರಿಗಾಲಿಗೆ ಹೂವು ತರಲು ಹೋದವರು ಇನ್ನೂ ಬಂದಿರಲಿಲ್ಲ, ಜೀಪು ಬಂತು. ಅಂಗಳದಲ್ಲಿ ಹೆಣ ಕಂಡ ಸುಹಾಸ್ ಶೂ ಬಿಚ್ಚಿ ಕೈಮುಗಿದು, ಬರಿಗಾಲಿನಲ್ಲೇ ಗದ್ದೆಗೆ ನಡೆದುಬಂದ.

"ಬಾರಪ್ಪ" ಎಂದ ಕೆಂಪಸಿದ್ದಯ್ಯ. "ಒಡವುಟ್ದೋರ್ಗಿಂತ ಮುಂಚೆ ನೀನೇ ಬಂದ್ಬುಟ್ಟೆ. ಓಗು, ಅಜ್ಜಿ ಬಾಯ್ಗೆ ಒಂದಿಡಿ ಅಕ್ಕಿನೂ ಆಕ್ಬುಡು."

ಸುಹಾಸ್ ಫೋನು ತೆಗೆದು ಚಲುವರಾಜುವಿಗೆ ತೋರಿಸಿದ. ನೇರವಾಗಿ ಹರಿದಿದ್ದ ಗೆರೆ ಒಂದು ಕಡೆ ಮೊಳೆಗಳಂತೆ ಚುಚ್ಚಿಕೊಂಡು ಎದ್ದಿತ್ತು. "ಇವು ನಿಮ್ಮ ಹಾರೆ ಏಟು. ನಾಲೆ ತುಂಬಿದೆ. ಇಲ್ಲಿ ಆಳುದ್ದ ಅಗೆದ್ರೆ ಏರಿ ನಿಲ್ಲಲ್ಲ ಸರ್."

ವೀಣ ಬಗ್ಗಿ ನೋಡಿದಳು. "ಆಸಾಡದಲ್ಲಿ ನಮ್ಮ ಅಡಿಗೆಮನೆ ಗೋಡೆ ಸೀಳ್ತು. ಏರಿ ಇತ್ಲಾಗ್ ಜರುಗ್ತಾ ಅದೆ ಅಂತ ನಾವೇ ಮಳವಳ್ಳಿಗ್ ಬಂದು ಯೋಳುದ್ವಿ. ಯಾರೂ ಬರ್ನಿಲ್ಲ. ಆವತ್ತು ಈ ಗೆರೆ ಯೋಳ್ನಿಲ್ವಾ?"

ಹುಡುಗ ಫೋನನ್ನು ಜೇಬಿಗಿಟ್ಟ.

"ಕೇಳ್ತಾ ಇರೋದು ನಿನ್ನೇ ಕಣಪ್ಪ."

"ಎದ್ದಿತ್ತು ಅಕ್ಕ. ಮಿತಿಯೊಳಗೆ ಇತ್ತು ಅಂದ್ರು. ರಿಪೋರ್ಟು ಮೇಲಕ್ಕೆ ಹೋಗಿದೆ."

"ನಮಗೊಂದು ಫೋನು?"

"ಯಾರಾದ್ರೂ ಅಗೆದ್ರೆ ಮಾತ್ರ ಜಮೀನಿನವ್ರಿಗೆ ಮಾಡ್ಬೇಕು ಅಂತಿದೆ." ಅವನು ತನ್ನ ಕೆಸರು ಪಾದಗಳನ್ನು ನೋಡಿಕೊಳ್ಳುತ್ತಿದ್ದ.

ಚಲುವರಾಜು ನುಗ್ಗಿ ಹಾರೆ ಎತ್ತಿಕೊಂಡ. "ಗೋಡೆ ಸೀಳ್ದಾಗ ಇಲ್ದಿರೋ ಏರಿ ಇವತ್ತು ಬಂತಾ? ಒಡ್ದೋದ್ರೆ ಓಗ್ಲಿ! ನಮ್ಮವ್ವನ್ ಜಾಗ ಇದು. ತೋಡಯ್ಯ ಕೆಂಪಸಿದ್ದಯ್ಯ, ನೀನ್ ತೋಡಕಿಲ್ಲ ಅಂದ್ರೆ ನಾನ್ ತೋಡ್ತೀನಿ!"

ಕೆಂಪಸಿದ್ದಯ್ಯ ಅಲುಗಲಿಲ್ಲ, ವೀಣಳ ಕಡೆ ನೋಡಿದ. ಅವಳು ಏರಿಯ ಕಡೆಗೂ, ಇಳಿಜಾರಿನ ಕೆಳಗಿದ್ದ ಮನೆಗಳ ಕಡೆಗೂ ನೋಡಿದಳು. ಒಂದು ಅಂಗಳದಲ್ಲಿ ಯಾರೋ ಬಾಣಂತಿಯ ಸೀರೆ ಒಣಹಾಕುತ್ತಿದ್ದರು. ಹುಡುಗ ಹೇಳುತ್ತಿದ್ದುದು ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಸೀಳಿದ ಗೋಡೆಗೆ ಮಣ್ಣು ಮೆತ್ತಿ ಮೆತ್ತಿ ಸಾಕಾದವಳು ಅವಳೇ.

ಗಂಡನ ಕೈಯಿಂದ ಹಾರೆಯನ್ನು ಬಿಡಿಸಿಕೊಂಡಳು. ಅವನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಬೇಕಾಯಿತು.

"ಬುಡಿ. ಆಚೆ ಬಾವಿ ಮೂಲೇಲಿ ತೋಡಿ."

"ನೀನೇ ಮಾತು ಕೊಟ್ಟಿದ್ದೆ ಕಣಮ್ಮಿ" ಎಂದ ಚಲುವರಾಜು.

"ನಾನೇ ಕೊಟ್ಟಿದ್ದೆ."

ಸುಹಾಸ್ ಏನೋ ಹೇಳಲು ಬಾಯಿ ತೆರೆದ. "ನೀನಿನ್ನು ಓಗಪ್ಪ" ಎಂದಳು ವೀಣ. "ಗೋಡೆ ನೋಡಾಕೆ ಬರೋದಾದ್ರೆ ಇನ್ನೊಂದಿನ ಬಾ."

ಹೊತ್ತು ಇಳಿಯುವಾಗ ದೇವಿರಮ್ಮನನ್ನು ಬಾವಿ ಮೂಲೆಯಲ್ಲಿ ಮಣ್ಣು ಮಾಡಿದರು. ಅಲ್ಲಿಂದ ಹೊಂಗೆ ಮರ ಕಾಣುತ್ತದೆ. ಅದರ ಬುಡ ಕಾಣುವುದಿಲ್ಲ, ಕಬ್ಬು ಅಡ್ಡ.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಎಲ್ಲರೂ ಮನೆಯ ಕಡೆ ಹೊರಟರು. ವೀಣ ಹಿಂದೆ ಉಳಿದಳು. ಹೊಸ ಸಮಾಧಿಯಿಂದ ಹಾಲಿಗೆ ನೆನೆದ ಮಣ್ಣನ್ನು ಒಂದು ಹಿಡಿ ತೆಗೆದು ಸೆರಗಿಗೆ ಹಾಕಿಕೊಂಡು ಕಬ್ಬಿನ ಸಾಲುಗಳ ನಡುವೆ ನಡೆದಳು. ಚಲುವರಾಜು ಅದನ್ನು ಕಂಡು ಅವಳ ಹಿಂದೆಯೇ ಬಂದ.

ಕೆಂಪಸಿದ್ದಯ್ಯ ಕೆದಕಿ ಬಿಟ್ಟಿದ್ದ ತಗ್ಗು ಕರಿಯಪ್ಪನ ಎಡಕ್ಕೆ ಹಾಗೆಯೇ ಇತ್ತು. ವೀಣ ಮಂಡಿಯೂರಿ, ಸೆರಗಿನ ಮಣ್ಣನ್ನು ಅದರೊಳಗೆ ಮೆಲ್ಲಗೆ ಸುರಿದು, ತೊಟ್ಟಿಲ ಮಗುವನ್ನು ತಟ್ಟುವ ಹಾಗೆ ಅಂಗೈಯಿಂದ ತಟ್ಟಿದಳು.

ಚಲುವರಾಜುವಿನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇಬ್ಬರೂ ಕಾದರು. ಫೋನು ಹೊಡೆದುಕೊಳ್ಳಲಿಲ್ಲ. ತಲೆಯ ಮೇಲೆ, ಏರಿಯ ಆಚೆ, ತುಂಬಿದ ನೀರು ಸದ್ದಿಲ್ಲದೆ ಸರಿಯುತ್ತಿತ್ತು.