ಹಾಲುಬಿಳಿ ಕುದುರೆ

ನನ್ನ ಗಂಡ ಎಡ್ವಿನ್ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅತ್ತೆ ಇಸೊಬೆಲ್ ಭಾನುವಾರ ಮಧ್ಯಾಹ್ನದ ಹಾಡಿಕೆಗೆ ನನ್ನನ್ನೂ ಎಳೆದುಕೊಂಡು ಹೋದರು. ಕೊಕೆಟ್ ಹೊಳೆಯ ಪಕ್ಕದ ಪಬ್ಬಿನ ಹಿಂಬದಿ ಕೋಣೆ. ಬಾಗಿಲಲ್ಲೇ ಮುದುಕ ವಿಲ್ಫ್ ನನ್ನ ಕೈ ಹಿಡಿದು, "ಒಳ್ಳೆ ಹುಡುಗ ಕಣಮ್ಮ ಅವನು" ಅಂದ. ಎಲ್ಲರೂ ಅನ್ನುವುದು ಅದನ್ನೇ. ನಾನು ಉತ್ತರ ಕೊಡಲಿಲ್ಲ. ಯಾರಿಗೂ ಕೊಟ್ಟಿರಲಿಲ್ಲ.

ಅತ್ತೆಗೆ ಎಂಬತ್ತೊಂದು. ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಮಾತಿನ ನಡುವೆ ಪದಗಳು ಕೈಕೊಡುತ್ತಿದ್ದವು. ಆದರೂ ಎಡ್ವಿನ್‌ಗೆ ತಾವೇ ಕಲಿಸಿದ್ದ ನಲವತ್ತು ನುಡಿಯ ಕಥೆಹಾಡನ್ನು ಹಾಡಿಯೇ ತೀರುವ ಹಟ. "ಅರ್ಧಕ್ಕೆ ನಿಂತ್ರೆ ಇನ್ಮೇಲೆ ಬಾಯಿ ಬಿಡಲ್ಲ" ಎಂದು ಬೆಳಿಗ್ಗೆಯೇ ಹೇಳಿದ್ದರು. ಅವರು ಸುಮ್ಮನೆ ಹೇಳುವವರಲ್ಲ. ಎಡ್ವಿನ್ ಹಾಡು ಬರೆದಿಟ್ಟಿದ್ದ ಪುಸ್ತಕವನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡೆ.

"ನಲವತ್ತಾ? ಹಾಗಾದ್ರೆ ಇನ್ನೊಂದು ಲೋಟ ತರಿಸ್ಕೊಂಡೇ ಕೂರ್ತೀನಿ" ಅಂದ ವಿಲ್ಫ್.

"ಎರಡು ತರಿಸ್ಕೋ. ನೀನು ಹಾಡಿದಾಗ ನಾನು ನಿದ್ದೇನೇ ಮುಗಿಸಿದ್ದೆ" ಅಂದರು ಅತ್ತೆ.

ಹಾಡು ಶುರುವಾಯಿತು. ಹೊರಗೆ ಹೋದ ಮಗ ಮರಳುವುದಿಲ್ಲ. ತಾಯಿ ಹುಡುಕುತ್ತ ಬರಿಗಾಲಲ್ಲಿ ಹೊರಡುತ್ತಾಳೆ. ಇಪ್ಪತ್ತೇಳನೆಯ ನುಡಿಯಲ್ಲಿ ಅವಳು ಹೊಳೆ ತಲುಪಬೇಕು. ಅಲ್ಲಿ ಅತ್ತೆ ನಿಂತರು.

ಆ ಕೋಣೆಯಲ್ಲಿ ಮರೆತವರಿಗೆ ಯಾರೂ ಸಾಲು ಹೇಳಿಕೊಡುವುದಿಲ್ಲ. ಎಲ್ಲ ಸೇರಿ ಪಲ್ಲವಿ ಹಿಡಿದು ಕಾಯುತ್ತಾರೆ. ಪಲ್ಲವಿ ಒಂದು ಸುತ್ತು ಬಂತು, ಎರಡು, ಮೂರು. ಅತ್ತೆಯ ಕಣ್ಣು ಎಲ್ಲೂ ನೆಡಲಿಲ್ಲ. ಮುಂದಿನ ಸಾಲು ನನ್ನ ಬೆರಳಡಿಯಲ್ಲಿತ್ತು, ಅವನ ಕೈಬರಹದಲ್ಲಿ. ಬಾಯಿ ತೆರೆದೆ. ವಿಲ್ಫ್ ನನ್ನ ಮಣಿಕಟ್ಟು ಹಿಡಿದ.

"ಬೇಡ. ಅವಳೇ ಬರ್ತಾಳೆ."

ನಾಲ್ಕನೆಯ ಸುತ್ತು ಮುಗಿಯುವಾಗ ಅತ್ತೆ ತಲೆಯೆತ್ತಿದರು.

"ಹಾಲುಬಿಳಿ ಕುದುರೆಯನೇರಿದಳು, ಹೊಳೆಯ ದಾರಿಯ ಹಿಡಿದಳು..."

ಪುಸ್ತಕದಲ್ಲಿ ಕುದುರೆಯೇ ಇಲ್ಲ. ಅದು ನೂರಾರು ಹಳೆಯ ಹಾಡುಗಳಲ್ಲಿ ಓಡಾಡುವ ಕುದುರೆ. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಇಂಥ ಮಾತುಗಳನ್ನೇ ಚೀಟಿಗಳಲ್ಲಿ ಕೂಡಿಹಾಕಿದ್ದೆ: ಹಾಲುಬಿಳಿ ಕುದುರೆ, ಕೆಂಪು ಚಿನ್ನ, ನೈದಿಲೆಯಂಥ ಕೈ. ಜಾಗ ತುಂಬುವ ಸವೆದ ಮಾತುಗಳೆಂದು ಪ್ರಬಂಧದಲ್ಲಿ ಬರೆದಿದ್ದೆ. ಎಡ್ವಿನ್ ಓದಿ ನಕ್ಕಿದ್ದ, ವಾದ ಮಾಡಿರಲಿಲ್ಲ.

ಅತ್ತೆ ಕುದುರೆಗೆ ಕೆಂಪು ಚಿನ್ನದ ಲಾಳ ಕಟ್ಟಿದರು. ಒಂದು ಮೈಲಿ ಓಡಿಸಿದರು, ಇನ್ನೊಂದು ಮೈಲಿ ಓಡಿಸಿದರು. ದನಿ ಗಟ್ಟಿಯಾಗುತ್ತ ಬಂತು. ಹೊಳೆ ಬಂತು. ನೀರಂಚಿನಲ್ಲಿ ಮಗ ಮಲಗಿದ್ದ. ಅವರು ಅಲ್ಲಿ ನಿಲ್ಲಲಿಲ್ಲ. ಕೊನೆಯ ನುಡಿಯವರೆಗೂ ಹಾಡಿದರು. ಯಾರ ಲೋಟವೂ ಮೇಜಿಗೆ ತಾಗಲಿಲ್ಲ.

ಆಮೇಲೆ ನೀರು ಕೊಡುತ್ತ ಕೇಳಿದೆ: "ಆ ಕುದುರೆ ಎಲ್ಲಿಂದ ಬಂತು ಅತ್ತೆ?"

"ಎಲ್ಲಿಂದ ಅಂದ್ರೆ? ಅಲ್ಲೇ ಕಟ್ಟಿರುತ್ತೆ ಕಣೆ, ನಮ್ಮಜ್ಜಿ ಕಾಲದಿಂದ. ಕಾಲು ಸೋತವರು ಹತ್ಕೊಳ್ಳೋದು."

ಕೋಟು ತೊಡಿಸಿ ಬಾಗಿಲಿಗೆ ಬಂದೆವು. ವಿಲ್ಫ್ ಮತ್ತೆ ನನ್ನ ಕೈ ಹಿಡಿದ.

"ಒಳ್ಳೆ ಹುಡುಗ ಕಣಮ್ಮ ಅವನು."

"ಹೌದು" ಅಂದೆ. "ಒಳ್ಳೆ ಹುಡುಗ."