ಬಿಸಿ ಚೀಲದ ಸರದಿ

ಬೇಸಿಗೆಯ ಉರಿ ಇಳಿದು ಗಾಳಿ ದಿಕ್ಕು ಬದಲಿಸುತ್ತಿದ್ದ ದಿನಗಳು. ಬೆಳಗಿನ ಹೊತ್ತು. ಹೆರಿಗೆ ಕೋಣೆಯ ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ಇದೆಲ್ಲ ಶುರುವಾದದ್ದು ಆಗ.

ನಮ್ಮದು ಸಣ್ಣ ಹೆರಿಗೆ ಆಸ್ಪತ್ರೆ. ನಾಲ್ಕು ಮಂಚ, ಒಬ್ಬರು ದೊಡ್ಡ ಸಿಸ್ಟರ್, ಯಾವಾಗಲೋ ಬಂದು ಹೋಗುವ ಡಾಕ್ಟರು. ಜನರೇಟರ್ ಮತ್ತು ನೀರಿನ ಪಂಪು ನನ್ನ ಪಾಲಿನ ಕೆಲಸ. ಬಟ್ಟೆ ಒಗೆದು ಮಡಿಸುವುದು ನನ್ನ ಕಿರಿಮಗಳದು. ಅಳಿಯ ಲಾರಿ ಓಡಿಸುತ್ತಿದ್ದ. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದುದರಿಂದ ಮಗಳು ನನ್ನ ಜೊತೆಗೇ ಇದ್ದಳು. ಆಗ ಅವಳಿಗೆ ಮೂರು ತಿಂಗಳು. ಹಿಂದೆ ಒಂದು ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಬಕೆಟ್ ಎತ್ತುವ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೆ.

ಆ ಬೆಳಿಗ್ಗೆ ನಗರದಿಂದ ಒಬ್ಬ ಹುಡುಗಿ ಬಂದಳು. ಓದಿದ ಡಾಕ್ಟರೇ. ಆದರೆ ಮದ್ದು ಕೊಡಲು ಬಂದವಳಲ್ಲ, ಸಂಶೋಧನೆ ಮಾಡಲು ಬಂದವಳು. ಹುಟ್ಟಿದ ಪ್ರತಿ ಕೂಸನ್ನೂ ತೂಗುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಮನೆಗೆ ಹೋದ ಮೇಲೂ ಹುಡುಕಿಕೊಂಡು ಹೋಗಿ ಮತ್ತೆ ತೂಗುತ್ತಾಳೆ. ಬಂದ ವಾರದಲ್ಲೇ ಅವಳಿಗೆ ‘ತಕ್ಕಡಿ ಡಾಕ್ಟ್ರು’ ಅಂತ ಹೆಸರು ಬಿತ್ತು. ಅವಳೂ ನಕ್ಕು ಒಪ್ಪಿಕೊಂಡಳು.

ಸಂಶೋಧನೆ ಒಂದು ಚೀಲದ ಮೇಲೆ. ಕೂಸನ್ನು ಕುತ್ತಿಗೆಯವರೆಗೆ ಒಳಗಿಟ್ಟು ಮಲಗಿಸುವಂಥ ಬಟ್ಟೆಯ ಚೀಲ. ಅದರ ಬೆನ್ನಿಗೆ ಮೇಣದಂಥದ್ದು ತುಂಬಿದ ಒಂದು ಹಲಗೆ. ಕರೆಂಟಿನಲ್ಲಿ ಕಾಯಿಸಿ ಸಿಕ್ಕಿಸಿದರೆ ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ. ತೂಕ ಸಾಲದ ಕೂಸುಗಳಿಗೆ ಅದರಿಂದ ಅನುಕೂಲವಿದೆಯೇ ಅಂತ ನೋಡಬೇಕು. ನಮ್ಮಂಥ ಆರು ಆಸ್ಪತ್ರೆಗಳು. ಎಲ್ಲರಿಗೂ ಒಟ್ಟಿಗೆ ಕೊಟ್ಟರೆ ಕೊಟ್ಟದ್ದಕ್ಕೂ ಕೊಡದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ಒಂದರ ನಂತರ ಒಂದು, ಸರದಿಯಂತೆ. ಸರದಿ ಬರುವತನಕ ಹಳೆಯ ಹಾಗೆಯೇ ಬಟ್ಟೆ ಸುತ್ತಿ ತಾಯಿಯ ಎದೆಗೆ ಕೊಡುವುದು. ಯಾವ ಆಸ್ಪತ್ರೆ ಯಾವಾಗ ಅನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡುವುದು.

ಆರೂ ಕಡೆಯವರು ಅವಳು ಬಂದ ದಿನವೇ ನಮ್ಮಲ್ಲಿ ಸೇರಿದ್ದರು. ನಮ್ಮ ಪಾಲಿನ ಚೀಟಿ ಎತ್ತುವಾಗ ದೊಡ್ಡ ಸಿಸ್ಟರ್ ಒಗೆಯುವ ಕಲ್ಲಿನ ಹತ್ತಿರ ಇದ್ದ ನನ್ನ ಮಗಳನ್ನು ಕೂಗಿದರು.

“ಬಾರೇ ಇಲ್ಲಿ. ಬಸುರಿ ಕೈ, ಒಳ್ಳೇ ಕೈ. ನೀನೇ ತೆಗಿ.”

ಮಗಳು ಒದ್ದೆ ಕೈ ಒರೆಸಿಕೊಂಡು ಒಂದು ಚೀಟಿ ಎತ್ತಿದಳು. ಬಂದದ್ದು ಆರನೆಯದು, ಕಟ್ಟಕಡೆಯದು.

“ಚೆನ್ನಾಗಿ ತೆಗೆದೆ ಬಿಡು! ನಿನ್ನ ಮಗು ಸ್ಲೇಟು ಹಿಡಿಯೋ ಹೊತ್ತಿಗೆ ಚೀಲ ಬರುತ್ತೆ,” ಅಂದರು ಸಿಸ್ಟರ್. ಎಲ್ಲರೂ ನಕ್ಕರು. ತಕ್ಕಡಿ ಡಾಕ್ಟ್ರು ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕಿದಳು. “ಇಲ್ಲ ಅಕ್ಕ, ನಿಮ್ಮ ದಿನ ತುಂಬೋದ್ರೊಳಗೆ ನಮ್ಮ ಸರದಿ ಬಂದಿರುತ್ತೆ. ಹೆದರಬೇಡಿ.”

“ನಂಗ್ಯಾಕೆ ಹೆದರಿಕೆ ಡಾಕ್ಟ್ರೇ, ನನ್ನ ಮಗು ಗುಂಡುಕಲ್ಲಿನ ಹಾಗೆ ಹುಟ್ಟುತ್ತೆ,” ಅಂದಳು ಮಗಳು.

ತಿಂಗಳುಗಳು ಉರುಳಿದವು. ಚಳಿ ಶುರುವಾದಾಗ ನಮ್ಮ ಪಾಲಿನ ಚೀಲಗಳು ಬಂದು ಸ್ಟೋರಿನಲ್ಲಿ ಕೂತವು. ಪೆಟ್ಟಿಗೆಗೆ ಕೆಂಪು ಪಟ್ಟಿ ಅಂಟಿಸಿ ಮುದ್ರೆ ಹಾಕಿದ್ದರು. ಸರದಿಗೆ ಇನ್ನೂ ಕೆಲವು ವಾರ ಇತ್ತು. ಹೆರಿಗೆಯಾದವರ ಮನೆಯವರು ಬಂದು ಆ ಪೆಟ್ಟಿಗೆ ತೋರಿಸಿ ಕೇಳುತ್ತಿದ್ದರು. ತಕ್ಕಡಿ ಡಾಕ್ಟ್ರು ಪ್ರತಿಯೊಬ್ಬರಿಗೂ ಸರದಿ ಇನ್ನೂ ಬಂದಿಲ್ಲ ಅಂತ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುತ್ತಿದ್ದಳು. ಆಮೇಲೆ ಹಿತ್ತಿಲಿಗೆ ಬಂದು ಜನರೇಟರಿನ ಪಕ್ಕ ನಿಲ್ಲುತ್ತಿದ್ದಳು.

ಏಳು ತಿಂಗಳೂ ಸರಿಯಾಗಿ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಮಗಳು ಬಟ್ಟೆ ಮಡಿಸುತ್ತಿದ್ದವಳು ಗೋಡೆ ಹಿಡಿದುಕೊಂಡು ಕುಸಿದಳು. ಕರೆಂಟು ಇರಲಿಲ್ಲ. ನಾನು ಜನರೇಟರ್ ಹಚ್ಚಿ ಬರುವಷ್ಟರಲ್ಲಿ ಒಳಗೆ ಹೆರಿಗೆ ಆಗಿಹೋಗಿತ್ತು. ಹೆಣ್ಣು ಕೂಸು. ಅಳು ಕೇಳಲಿಲ್ಲ, ಬೆಕ್ಕಿನ ಮರಿ ಮುಲುಗಿದಂತೆ ಏನೋ ಕೇಳಿತು.

ಆಂಬುಲೆನ್ಸ್ ಬೆಳಿಗ್ಗೆಯೇ ಇನ್ನೊಬ್ಬ ಬಾಣಂತಿಯನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿತ್ತು. ಫೋನು ಮಾಡಿದರೆ ಸಂಜೆಗೆ ಬರುತ್ತೇನೆ ಅಂದ ಡ್ರೈವರು. ಮಗಳಿಗೆ ರಕ್ತ ನಿಲ್ಲುತ್ತಿರಲಿಲ್ಲ, ಸಿಸ್ಟರ್ ಅವಳನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಕೂಸನ್ನು ಎದೆಗೆ ಹಾಕಿಕೊಳ್ಳಲು ತಾಯಿಗೆ ಎಚ್ಚರವೇ ಇಲ್ಲ.

“ಅಜ್ಜ, ಅಂಗಿ ಬಿಚ್ಚಿ. ನಿಮ್ಮೆದೆ ಮೇಲೆ ಹಾಕ್ಕೊಳ್ಳಿ,” ಅಂದರು ಸಿಸ್ಟರ್.

ಬಿಚ್ಚಿದೆ. ಡೀಸೆಲ್ ವಾಸನೆ ಹೊಡೆಯುವ ಮೈ, ಬರೀ ಎಲುಬು. ಅದರ ಮೇಲೆ ಕೂಸನ್ನು ಇಟ್ಟು ಬಟ್ಟೆ ಸುತ್ತಿದರು. ಉಸಿರು ಎಳೆದಾಗಲೆಲ್ಲ ಅದರ ಪಕ್ಕೆ ಒಳಗೆ ಹೋಗುವುದು ನನ್ನ ಚರ್ಮಕ್ಕೆ ತಿಳಿಯುತ್ತಿತ್ತು. ಒಂದು ಎಳೆತ ಮುಗಿದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಅಂತ ನಾನೂ ಉಸಿರು ಹಿಡಿದು ಕೂರುತ್ತಿದ್ದೆ.

ತಕ್ಕಡಿ ಡಾಕ್ಟ್ರು ಸ್ಟೋರಿನ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಅವಳ ಮೇಲಿನವರು ಮೀಟಿಂಗಿನಲ್ಲಿದ್ದರಂತೆ.

“ಇನ್ನೂ ಯಾರನ್ನ ಕೇಳ್ತೀಯಮ್ಮ?” ಒಳಗಿನಿಂದ ಸಿಸ್ಟರ್ ಕೂಗಿದರು. “ಆ ಕೂಸನ್ನೇ ಕೇಳು!”

ಪಟ್ಟಿ ಹರಿದ ಸದ್ದು ಕೇಳಿಸಿತು. ಹಲಗೆ ಕಾಯಿಸಿ ಚೀಲಕ್ಕೆ ಸಿಕ್ಕಿಸಿ ತಂದಳು.

“ಅಜ್ಜ, ಇದು ಚಳಿಗೆ ಮಾತ್ರ. ಉಸಿರಿಗಲ್ಲ. ಉಸಿರಿಗೆ ಬೇಕಾದ ಮಿಷನ್ ದೊಡ್ಡಾಸ್ಪತ್ರೇಲಿದೆ. ನನ್ನ ಹತ್ರ ಏನೂ ಇಲ್ಲ.”

“ಇರೋದನ್ನ ಹಾಕು ತಾಯಿ,” ಅಂದೆ.

ಅವಳು ಕೂಸನ್ನು ತೂಗಿ, ತೂಕ ಬರೆದುಕೊಂಡು, ಚೀಲದಲ್ಲಿ ಮಲಗಿಸಿದಳು. ಕೂಸಿನ ಕೈಕಾಲಿಗೆ ಬಣ್ಣ ಬಂತು. ಮೈ ಬಿಸಿ ಎಷ್ಟಿರಬೇಕೋ ಅಷ್ಟೇ ಇದೆ ಅಂತ ಆ ಹುಡುಗಿ ಎರಡೆರಡು ಸಲ ನೋಡಿದಳು. ಉಸಿರು ಮಾತ್ರ ದೂರ ದೂರ ಆಯಿತು. ಆಂಬುಲೆನ್ಸಿನ ಸದ್ದಿಗೆ ಇಬ್ಬರೂ ಕಿವಿ ಕೊಟ್ಟು ಕೂತಿದ್ದಾಗ ಒಂದು ಉಸಿರು ಬಂತು. ಇನ್ನೊಂದು ಬರಲಿಲ್ಲ. ಅವಳು ಬೆರಳಿನಿಂದ ಎದೆ ಒತ್ತಿದಳು, ಬಾಯಿಂದ ಊದಿದಳು. ಸಿಸ್ಟರ್ ಬಂದು ಅವಳ ಭುಜ ಮುಟ್ಟುವವರೆಗೆ ಬಿಡಲಿಲ್ಲ.

ಅದೇ ಹೊತ್ತಿಗೆ ಮಗಳಿಗೆ ಎಚ್ಚರವಾಯಿತು. ರಕ್ತ ನಿಂತಿತ್ತು.

“ಅಪ್ಪ, ಎಲ್ಲಿ?”

ಸಿಸ್ಟರೇ ಹೇಳಿದರು. ಮಗಳು ಕೈ ಚಾಚಿದಳು. ಚೀಲದ ಸಮೇತ ಕೊಟ್ಟೆವು. ಅವಳು ಒಳಗೆ ಕೈ ಹಾಕಿದಳು, ಕೆನ್ನೆ ಮುಟ್ಟಿದಳು, ನಮ್ಮ ಮೂವರ ಮುಖವನ್ನೂ ನೋಡಿದಳು.

“ಬೆಚ್ಚಗಿದೆಯಲ್ಲಪ್ಪ!”

“ಅದು ಚೀಲದ ಬಿಸಿ ಕಣೇ,” ಅಂದರು ಸಿಸ್ಟರ್.

“ಕೆನ್ನೆ ಬಿಸಿ ಇದೆ ಸಿಸ್ಟರ್. ಕೆನ್ನೆ ಚೀಲದೊಳಗಿದೆಯಾ? ನೀವೇ ಮುಟ್ಟಿ ನೋಡಿ. ನಿದ್ದೆ ಮಾಡ್ತಿದೆ. ಇಷ್ಟು ಬೆಚ್ಚಗಿರೋದು ಸತ್ತಿರುತ್ತಾ? ನಾನೇನು ದಡ್ಡಿನಾ?”

ಮುಟ್ಟಿ ನೋಡಿದೆ. ನಿಜವಾಗಿಯೂ ಬೆಚ್ಚಗಿತ್ತು. ಬದುಕಿದ ಕೂಸು ಹೇಗಿರುತ್ತದೋ ಹಾಗೆಯೇ. ನನ್ನ ಕೈಗೂ ಒಂದು ಕ್ಷಣ ಅನುಮಾನ ಬಂತು.

ತಕ್ಕಡಿ ಡಾಕ್ಟ್ರು ಮಂಡಿಯೂರಿ ಕೂತು ಬೆನ್ನಿನ ಹಲಗೆಯನ್ನು ಮೆಲ್ಲಗೆ ಎಳೆದು ತೆಗೆದಳು. ಮಗಳು ತಡೆಯಲಿಲ್ಲ, ಕೂಸನ್ನು ಬಿಡಲೂ ಇಲ್ಲ. ಕಿತ್ತುಕೊಳ್ಳುವ ಧೈರ್ಯ ನಮ್ಮ ಯಾರಿಗೂ ಬರಲಿಲ್ಲ. ಮಾಡಲು ಇದ್ದದ್ದು ಒಂದೇ ಕೆಲಸ. ಕೂಸು ತಣ್ಣಗಾಗಲಿ ಅಂತ ಸುಮ್ಮನೆ ಕೂತು ಕಾದೆವು. ಆರು ಆಸ್ಪತ್ರೆ ತಿರುಗಿ ಕೂಸುಗಳು ತಣ್ಣಗಾಗಬಾರದು ಅಂತ ಒದ್ದಾಡುತ್ತಿದ್ದ ಆ ಹುಡುಗಿಯೂ ನಮ್ಮ ಜೊತೆ ನೆಲದ ಮೇಲೆ ಕೂತು ಕಾದಳು. ಅವಳ ಫೋನು ಒಂದು ಸಲ ಬಡಿದುಕೊಂಡಿತು. ಅವಳು ಎತ್ತಲಿಲ್ಲ.

“ಪಾದ ತಣ್ಣಗಾಯ್ತು,” ಅಂದಳು ಮಗಳು, ಸೆರಗಿನಿಂದ ಮುಚ್ಚಿದಳು. ಕಿಟಕಿಯ ಬೆಳಕು ಗೋಡೆ ಹತ್ತಿತು. ಆಮೇಲೆ ಅವಳು ಕೆನ್ನೆಗೆ ಕೆನ್ನೆ ಹಚ್ಚಿದಳು. ಹಾಗೇ ಇದ್ದಳು.

“ತಗೊಳ್ಳಿ ಅಪ್ಪ,” ಅಂದಳು.

ಆಂಬುಲೆನ್ಸ್ ಬಂದಾಗ ಅದರಲ್ಲಿ ಹೋಗಬೇಕಾದವರು ಯಾರೂ ಇರಲಿಲ್ಲ.

ಕೆಲವು ದಿನ ಕಳೆದು ಮಗಳು ಎದ್ದು ಕೂರುವಂತಾದಾಗ ಆ ಹುಡುಗಿ ಮನೆಗೆ ಬಂದಳು. ಮಗಳು ಕೇಳಿದಳು:

“ಡಾಕ್ಟ್ರೇ, ನನ್ನ ಮಗೂನ ಯಾವ ಕಡೆ ಸೇರಿಸಿದ್ರಿ? ಚೀಲ ಇದ್ದೋರ ಕಡೆಗಾ, ಇಲ್ಲದೋರ ಕಡೆಗಾ?”

“ಮೇಲಿನೋರು ಯಾವ ಕಡೆನೂ ಸೇರಿಸೋ ಹಾಗಿಲ್ಲ ಅಂದ್ರು ಅಕ್ಕ. ಸರದಿಗಿಂತ ಮುಂಚೆ ನಾನು ತೆಗೆದೆನಲ್ಲ. ಬಿಟ್ಟುಬಿಡಿ ಅಂದ್ರು.”

“ಬಿಡೋದಾದ್ರೆ ಅವತ್ತು ತೂಗಿದ್ದು ಯಾಕೆ?”

ಆ ಹುಡುಗಿ ಎದ್ದಳು. ತನ್ನನ್ನು ವಾಪಸ್ಸು ಕರೆದಿದ್ದಾರೆ, ಬದಲಿಗೆ ಬೇರೆಯವರು ಬರುತ್ತಾರೆ ಅಂತ ಹೇಳಲು ಬಂದವಳು, ಅದನ್ನು ನನಗೆ ಬಾಗಿಲಲ್ಲಿ ಹೇಳಿ ಹೋದಳು.

ಮಗಳು ತನ್ನ ಬಲಗೈ ನೋಡುತ್ತಾ ಕೂತಿದ್ದಳು. “ಬೇರೆ ಚೀಟಿ ಎತ್ತಿದ್ರೆ ಆಗ್ತಿತ್ತಪ್ಪ.”

“ಚೀಲ ಸಿಕ್ಕಿತ್ತಲ್ಲ ಮಗಾ. ಉಸಿರಿಗೆ ಅದು ಆಗಲ್ವಂತೆ. ಮೊದಲನೇದೇ ಬಂದಿದ್ರೂ ಅಷ್ಟೇ ಅಂತೆ.”

ಅವಳು ತಲೆಯಾಡಿಸಿದಳು. ನನ್ನ ಮಾತು ಅವಳೊಳಗೆ ಇಳಿಯಲಿಲ್ಲ.

ತಕ್ಕಡಿ ಡಾಕ್ಟ್ರು ಹೋದದ್ದು ಮಂಗಳವಾರ. ಅಳಿಯ ಶುಕ್ರವಾರ ಬಂದ. ಮನೆಯಲ್ಲಿ ಒಂದು ರಾತ್ರಿ ಇದ್ದ. ಶನಿವಾರ ಬೆಳಿಗ್ಗೆ ಮಗಳು ತನ್ನ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಲಾರಿ ಹತ್ತಿ ಅವನ ಪಕ್ಕ ಕೂತು ಹೋದಳು.