ಗೇಣುದ್ದದ ಎಳೆ

ಚರ್ಚಿನ ಉಪದೇಶಿ ತಿಮ್ಮಣ್ಣನ ಕತ್ತರಿ ಇನ್ನೇನು ಎಳೆಗಳಿಗೆ ತಾಗಬೇಕು, ಪದ್ಮವ್ವ ಮಗ್ಗದ ಕುಣಿಯೊಳಗಿನಿಂದಲೇ ಕೈ ಚಾಚಿ ತಡೆದಳು.

"ಅಷ್ಟು ಒತ್ತಿ ಕೊಯ್ಯಬ್ಯಾಡ್ರಿ ಕಾಕಾ. ಗೇಣುದ್ದ ಎಳಿ ಮಗ್ಗಕ್ಕ ಉಳೀಬೇಕು. ಅಪ್ಪ ನೋಡಿದ್ರ ಬೈತಿದ್ದ."

ಅಪ್ಪ ನೋಡುವಂತಿರಲಿಲ್ಲ. ಕಲ್ಲಪ್ಪ ಪಡಸಾಲೆಯಲ್ಲಿ, ಬೆಳಿಗ್ಗೆಯಷ್ಟೇ ಬಡಗಿ ತಂದಿಟ್ಟ ಪೆಟ್ಟಿಗೆಯೊಳಗೆ ಮಲಗಿದ್ದ. ಮಗ್ಗದ ಮೇಲಿದ್ದದ್ದು ಉದ್ದೆಳೆಗಳ ಆ ಹಾಸಿನಲ್ಲಿ ಕಡೆಯ ಸೀರೆ. ಇನ್ನೊಂದು ಮೊಳ ನೇದಿದ್ದರೆ ಮುಗಿಯುತ್ತಿತ್ತು. ಅದನ್ನೇ ಕೊಯ್ದು ಅವನ ಮೇಲೆ ಹೊದಿಸಬೇಕೆಂದು ಮಗಳು ಹಟ ಹಿಡಿದಿದ್ದಳು.

"ಗಂಡಸಿಗೆ ಸೀರಿ ಹೊದಸ್ತೀಯೇನವಾ?" ನೆರೆಮನೆಯ ನೇಕಾರ ಬಾಬಣ್ಣ ಕಣ್ಣೊರೆಸಿಕೊಳ್ಳುತ್ತಲೇ ಅಂದ. "ಮ್ಯಾಲಿನವರು ನೋಡಿ ನಕ್ಕಾರು."

"ನಗಲಿ ಬಿಡ್ರಿ. ನಲವತ್ತು ವರ್ಷ ಊರ ಹೆಣ್ಮಕ್ಕಳಿಗೆಲ್ಲಾ ಉಡಿಸ್ಯಾನ. ತಾ ನೇದದ್ದು ಒಂದರೆ ತನ್ನ ಮೈಮ್ಯಾಲೆ ಬೀಳಲಿ."

ಬಾಗಲಕೋಟೆಯ ಬಸ್ಸಿಳಿದು ಬಂದಿದ್ದ ಕೃಷ್ಣಾಜಿ ಮಾಸ್ತರರು ಹೊಸ್ತಿಲಲ್ಲೇ ನಿಂತಿದ್ದರು. ಕ್ರೈಸ್ತರ ಮನೆಯ ಸಾವಿಗೆ ಅವರು ಬಂದದ್ದು ಇದೇ ಮೊದಲು. ಚಪ್ಪಲಿ ಎಲ್ಲಿ ಬಿಡಬೇಕು, ಕೈ ಮುಗಿಯಬಹುದೋ ಇಲ್ಲವೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದರು. ಅದಕ್ಕಿಂತ ದೊಡ್ಡದೊಂದನ್ನು ಯೋಚಿಸದೆ ಇರುವುದಕ್ಕೆ ಇವೆಲ್ಲ ಒಳ್ಳೆಯ ನೆಪಗಳಾಗಿದ್ದವು.

ಪದ್ಮವ್ವ ಅವರನ್ನು ಕಂಡಳು. ಕುಣಿಯಿಂದೆದ್ದು, ಗೂಡಿನಲ್ಲಿ ಅರಿವೆ ಸುತ್ತಿಟ್ಟಿದ್ದ ಪುಸ್ತಕವನ್ನು ತಂದು ಅವರ ಕೈಗೇ ಕೊಟ್ಟಳು.

"ನೀವು ಬರ್ತೀರಂತ ಗೊತ್ತಿತ್ರಿ ಮಾಸ್ತರ. ಮಣ್ಣು ಕೊಡೋ ಮುಂದ ಇದನ್ನ ಓದ್ರಿ. ಅಪ್ಪನ ಮಾತು. ಹಾಳಿ ನಿಮಗ ಗೊತ್ತೈತಿ."

ಬೈಬಲ್ಲಿನ ಪ್ರವಾದಿ ಯೆಶಾಯನ ಗ್ರಂಥಕ್ಕೆ ಪರದೇಶದ ಪಾದ್ರಿ ಸಾಹೇಬರೊಬ್ಬರು ಬರೆದ ವ್ಯಾಖ್ಯಾನ. ನಡುವಿನಿಂದ ಒಂದು ಕೆಂಪು ನೂಲೆಳೆ ಇಣುಕುತ್ತಿತ್ತು. ಅದು ಯಾವ ಪುಟವೆಂದು ಕೃಷ್ಣಾಜಿಯವರಿಗೆ ಗೊತ್ತಿತ್ತು. ಆ ಪುಟದಲ್ಲಿ ಏನಿಲ್ಲ ಎಂಬುದೂ ಗೊತ್ತಿತ್ತು.

*

ಏಳು ವರ್ಷಗಳ ಹಿಂದೆ, 1950ರ ಬೇಸಿಗೆ. ಕೃಷ್ಣಾಜಿ ಆಗಿನ್ನೂ ಮಾಸ್ತರರಲ್ಲ, ಹಗಲು ಅರಳೆ ಅಂಗಡಿಯೊಂದರ ಗುಮಾಸ್ತ. ಸಂಜೆಯ ತರಗತಿಗಳಿಗೆ ಹೋಗಿ, ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ಕನ್ನಡ ಪಂಡಿತ ಪರೀಕ್ಷೆ ಮುಗಿಸಿದ್ದರು. ಅಜ್ಜ ಮುತ್ತಜ್ಜಂದಿರು ಶಾಸ್ತ್ರ ಹೇಳಿದ ಮನೆತನ. ತಮ್ಮದು ಮಾತ್ರ ದಣಿದ ಹೊತ್ತಿನಲ್ಲಿ ಕಲಿತ ವಿದ್ಯೆ ಎಂಬ ಅಳುಕು ಅವರನ್ನು ಬಿಟ್ಟಿರಲಿಲ್ಲ. ಆ ಪಾದ್ರಿ ಸಾಹೇಬರು ತಮ್ಮ ಕನ್ನಡ ತಿದ್ದಲು ಅವರನ್ನು ಕರೆದಾಗ ಅವರು ಮೂರು ದಿನ ಸರಿಯಾಗಿ ಉಂಡಿರಲಿಲ್ಲ.

ಯೆಶಾಯನ ಗ್ರಂಥದಲ್ಲಿ ಒಬ್ಬ ರಾಜ ಕಾಯಿಲೆ ಬೀಳುತ್ತಾನೆ. ನೇಕಾರ ಬಟ್ಟೆ ಸುತ್ತುವಂತೆ ನನ್ನ ಬಾಳು ಸುತ್ತಿಹೋಯಿತು, ದೇವರು ನನ್ನನ್ನು ಮಗ್ಗದಿಂದ ಕೊಯ್ದುಹಾಕುತ್ತಾನೆ ಎಂದು ಅಳುತ್ತಾನೆ. ಅಲ್ಲಿಯ ಒಂದು ಹೀಬ್ರೂ ಪದದ ಬಗ್ಗೆ ವಿದ್ವಾಂಸರಲ್ಲಿ ಜಗಳವಿತ್ತು. ಅದು ಸವೆಸುವ ರೋಗವೆಂದು ಕೆಲವರು, ಮಗ್ಗದಲ್ಲಿ ಉಳಿಯುವ ತುದಿಯೆಳೆಗಳೆಂದು ಕೆಲವರು. "ನೇಕಾರರನ್ನೇ ಕೇಳೋಣ ಪಂಡಿತರೇ," ಎಂದು ಸಾಹೇಬರು ಇಳಕಲ್ಲಿನಿಂದ ಕಲ್ಲಪ್ಪನನ್ನು ಕರೆಸಿದರು.

ಕಲ್ಲಪ್ಪ ಸಾಹೇಬರ ಬಂಗಲೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ.

"ಅಲ್ರಿ, ರಾಜಾ ಯಾಕ ಅಳ್ತಾನ?"

"ಕೊಯ್ದ ಮ್ಯಾಲೆ ಮುಗೀತಲ್ಲೋ," ಎಂದರು ಕೃಷ್ಣಾಜಿ.

"ಯಾರು ಹೇಳಿದ್ರಿ? ಮುಗಿದದ್ದು ಅರಿವಿ, ಮಗ್ಗ ಅಲ್ಲ." ಕಲ್ಲಪ್ಪ ಹೆಗಲ ವಸ್ತ್ರದ ತುದಿಯೆಳೆಗಳನ್ನು ಬಿಡಿಸಿ ಹಿಡಿದ. "ನಾವು ಗೇಣುದ್ದ ಎಳಿ ಬಿಟ್ಟು ಕೊಯ್ತೀವಿ. ಆ ಎಳಿಗೆ ಹೊಸಾ ಹಾಸಿನ ಎಳಿ ಹೊಸಿತೀವಿ, ಬೆರಳಿಗೆ ಬೂದಿ ಹಚಗೊಂಡು, ಒಂದೊಂದಾಗಿ. ಕೆಚ್ಚೋದು ಅಂತೀವಿ. ನಮ್ಮಪ್ಪ ಬಿಟ್ಟ ಎಳಿಗೆ ನಾ ಕೆಚ್ಚೇನಿ. ಆ ರಾಜಾಗ ಮಗ್ಗ ಗೊತ್ತಿಲ್ರಿ, ಪಾಪ. ಬರೇ ಕತ್ತರಿ ನೋಡ್ಯಾನ."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಇದನ್ನು ಟಿಪ್ಪಣಿ ಮಾಡಿರಿ ಪಂಡಿತರೇ. ಇವರ ಹೆಸರು ಸಹಿತ."

ಕೃಷ್ಣಾಜಿ ಬರೆದರು. ಚೆನ್ನಾಗಿಯೇ ಬರೆದರು. ಆದರೆ ಅಚ್ಚಿಗೆ ಕಳಿಸುವ ಹೊತ್ತಿಗೆ ಸಾಹೇಬರು ಕಾಯಿಲೆಯಿಂದ ತಮ್ಮ ದೇಶಕ್ಕೆ ಹೊರಟುಹೋಗಿದ್ದರು. ಹಸ್ತಪ್ರತಿ ಕೃಷ್ಣಾಜಿಯವರೊಬ್ಬರ ಕೈಯಲ್ಲಿತ್ತು. ರಾಜ ಆಡಿದ್ದು ದುಃಖದ ಮಾತು. ಅದರಲ್ಲಿ ನೇಕಾರನ ಸಮಾಧಾನ ತುಂಬುವುದು ವ್ಯಾಖ್ಯಾನವಾದೀತೇ? ಧಾರವಾಡದ ವಿದ್ವಾಂಸರು ಓದಿ, 'ಯಾರಿವನು ತಿದ್ದಿದವನು? ಸಂಜೆ ಸಾಲಿಯ ಪಂಡಿತನೇ?' ಎಂದು ನಕ್ಕರೆ? ಅವರು ಆ ಟಿಪ್ಪಣಿಯ ಹಾಳೆಯನ್ನು ಪ್ರತಿಯಿಂದ ತೆಗೆದಿಟ್ಟರು. ಹರಿಯಲು ಮನಸ್ಸು ಬಾರದೆ ಒಂದು ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಮುಂದೆ ಅದನ್ನು ಗೆದ್ದಲು ತಿಂದಿತು.

ಪುಸ್ತಕ ಬಂದಾಗ ಕಲ್ಲಪ್ಪ ಒಂದು ಗಂಟು ಶೇಂಗಾ ಹೊತ್ತು ಬಾಗಲಕೋಟೆಗೆ ಬಂದ. ಅಕ್ಷರ ಕಲಿಯದವನು.

"ಎಲ್ಲೈತ್ರಿ ನಂದು?"

ಆಗ ಹೇಳಬಹುದಿತ್ತು. ಕೃಷ್ಣಾಜಿ ಪುಟ ತೆರೆದು ಬೆರಳಿಟ್ಟರು. "ಇಲ್ಲಿ ಅದ ನೋಡು."

"ಇಷ್ಟುದ್ದ!" ಕಲ್ಲಪ್ಪ ಸಾಲುಗಳ ಮೇಲೆ ಹೆಬ್ಬೆರಳು ಓಡಿಸಿ ಅಳೆದ. ಅಂಗಿಗೆ ಅಂಟಿದ್ದ ಕೆಂಪು ನೂಲೊಂದನ್ನು ಕಿತ್ತು ಅಲ್ಲಿಟ್ಟ.

ಆಮೇಲೆ ವರ್ಷಕ್ಕೊಂದು ಸಲ ಶೇಂಗಾ ಬರುತ್ತಿತ್ತು. ಮುಂದಿನ ಸಲ ಬಂದಾಗ ಹೇಳಿಬಿಡುತ್ತೇನೆ ಎಂದುಕೊಂಡು ಕೃಷ್ಣಾಜಿ ಅದನ್ನು ಹುರಿದು ತಿನ್ನುತ್ತಿದ್ದರು.

*

ಊರ ಹೊರಗಿನ ಸಮಾಧಿ ಭೂಮಿಯಲ್ಲಿ ಕೆಂಪು ಕಲ್ಲುಗಳು ಬಿಸಿಲಿಗೆ ಕಾದಿದ್ದವು. ತಿಮ್ಮಣ್ಣ ಪ್ರಾರ್ಥನೆ ಮುಗಿಸಿ ಮಾಸ್ತರರತ್ತ ನೋಡಿದ. ಪೆಟ್ಟಿಗೆಯ ಮೇಲೆ ಕಡುನೀಲಿ ಸೀರೆ ಹರಡಿತ್ತು.

"ಓದ್ರಿ ಮಾಸ್ತರ," ಎಂದ ಬಾಬಣ್ಣ. "ಪುಸ್ತಕದಾಗ ತಾ ಅದಾನಂತ ಊರೆಲ್ಲಾ ಹೇಳ್ಕೊಂಡು ತಿರಗ್ಯಾನ. 'ನಿನ್ನ ಹೆಸರು ರೇಷನ್ ಕಾರ್ಡಿನಾಗರೆ ಐತೇನು ಬಾಬಣ್ಣಾ' ಅಂತಿದ್ದ ನನಗ. ಇವತ್ತರೆ ನಾವೂ ಕೇಳೋಣು."

ಯಾರೋ ಮೆಲ್ಲಗೆ ನಕ್ಕರು. ಕೃಷ್ಣಾಜಿ ನೂಲಿದ್ದ ಪುಟ ತೆರೆದರು. ರಾಜನ ಅಳು, ಅದರ ಕೆಳಗೆ ರಾಜನ ಕಾಲದ ಚರ್ಚೆ. ಇದರಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಆ ಪೆಟ್ಟಿಗೆಯ ಮುಂದೆ, ಆ ಜನರ ಮುಂದೆ, ಕಲ್ಲಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಿದಂತಾಗುತ್ತಿತ್ತು.

"'ಇಳಕಲ್ಲಿನ ನೇಕಾರ ಕಲ್ಲಪ್ಪನವರು ಹೇಳುವಂತೆ,'" ಎಂದು ಅವರು ಪುಟವನ್ನೇ ನೋಡುತ್ತ ಶುರುಮಾಡಿದರು, "'ಮುಗಿಯುವುದು ಬಟ್ಟೆಯೇ ಹೊರತು ಮಗ್ಗವಲ್ಲ. ನೇಕಾರರು ಗೇಣುದ್ದ ಎಳೆ ಬಿಟ್ಟು ಕೊಯ್ಯುತ್ತಾರೆ. ಆ ಎಳೆಗೆ... ಆ ಎಳೆಗೆ...'"

ಮುಂದಿನದು ನೆನಪಿಗೆ ಬರಲಿಲ್ಲ. ಅಷ್ಟು ಜತನದಿಂದ ಬರೆದ ವಾಕ್ಯ. ಕಣ್ಣು ಪುಟದ ಮೇಲೆಲ್ಲ ಓಡಿತು. ಸಿಕ್ಕಿದ್ದು ರಾಜನ ಇಸವಿಗಳು ಮಾತ್ರ.

"'ಆ ಎಳಿಗೆ ಹೊಸಾ ಹಾಸಿನ ಎಳಿ ಹೊಸಿತೀವಿ,'" ಎಂದಳು ಪದ್ಮವ್ವ. ಅವಳು ಪುಸ್ತಕದತ್ತ ನೋಡುತ್ತಿರಲಿಲ್ಲ. "'ಬೆರಳಿಗೆ ಬೂದಿ ಹಚಗೊಂಡು, ಒಂದೊಂದಾಗಿ. ನಮ್ಮಪ್ಪ ಬಿಟ್ಟ ಎಳಿಗೆ ನಾ ಕೆಚ್ಚೇನಿ. ಆ ರಾಜಾಗ ಮಗ್ಗ ಗೊತ್ತಿಲ್ಲ, ಪಾಪ. ಬರೇ ಕತ್ತರಿ ನೋಡ್ಯಾನ.'"

"ಥೇಟ್ ಕಲ್ಲಪ್ಪ ಮಾತಾಡಿದಂಗ ಬರದಾರಲ್ಲೋ!" ಎಂದ ಬಾಬಣ್ಣ. ಕೃಷ್ಣಾಜಿ ಪುಸ್ತಕ ಮುಚ್ಚಿದರು.

*

ಹಿಂತಿರುಗುವಾಗ ಅವರು ಪದ್ಮವ್ವನ ಜೊತೆ ಸ್ವಲ್ಪ ಹಿಂದೆ ಉಳಿದರು.

"ನಿನಗ ಓದ್ಲಿಕ್ಕೆ ಬರ್ತದ."

"ಮಿಶನ್ ಸಾಲ್ಯಾಗ ಐದನೇ ಇಯತ್ತೆ ಮಟಾ."

"ಯಾವಾಗ ನೋಡಿದಿ?"

"ಪುಸ್ತಕ ತಂದ ದಿನಾನ. ಓದು ಅಂದ ಅಪ್ಪ. ಎರಡು ಸಲ ಹುಡುಕಿದೆ. ಎದುರಿಗೆ ಬಾಯಿ ತೆರಕೊಂಡು ಕುಂತಿದ್ದ ನೋಡ್ರಿ, ಅವ ಹೇಳತಿದ್ದದ್ದನ್ನ ಅವಗ ಓದಿ ಹೇಳಿದೆ. ಆಮ್ಯಾಲೆ ಪ್ರತಿ ಐತವಾರ ಓದಿಸ್ತಿದ್ದ. ಹ್ವಾದ ಐತವಾರನೂ."

"ನನಗ ಒಂದ್ ಮಾತು ಹೇಳಬೇಕಿತ್ತವಾ."

ಪದ್ಮವ್ವ ಸೆರಗು ಸರಿಮಾಡಿಕೊಂಡಳು. "ನೀವು ಹೇಳಬೇಕಿತ್ರಿ ಮಾಸ್ತರ."

ಮನೆಗೆ ಬಂದು ಪುಸ್ತಕವನ್ನು ಮರಳಿ ಗೂಡಿನಲ್ಲಿಡುವಾಗ ಕೆಂಪು ನೂಲು ಕೃಷ್ಣಾಜಿಯವರ ಬೆವರಿದ ಬೆರಳಿಗೆ ಅಂಟಿಕೊಂಡು ಬಂತು. ಬಟ್ಟೆಯಿಲ್ಲದ ಮಗ್ಗದಲ್ಲಿ ಗೇಣುದ್ದದ ಎಳೆಗಳು ಸಾಲಾಗಿ ಜೋತು ಬಿದ್ದಿದ್ದವು. ಕೃಷ್ಣಾಜಿ ಕುಣಿಯ ಅಂಚಿನಲ್ಲಿ ಕುಳಿತು, ಒಂದು ಎಳೆಯ ತುದಿಗೆ ಆ ನೂಲನ್ನು ಹಿಡಿದು ಹೊಸೆದರು. ಬಿಟ್ಟೊಡನೆ ಅದು ಬಿಚ್ಚಿಕೊಂಡಿತು. ಮತ್ತೆ ಹೊಸೆದರು. ಮತ್ತೆ ಬಿಚ್ಚಿತು.

ಪದ್ಮವ್ವ ನಿನ್ನೆಯ ಒಲೆಯ ಬೂದಿಯನ್ನು ಒಂದು ಬಟ್ಟಲಲ್ಲಿ ತಂದು, ಅವರ ಪಕ್ಕಕ್ಕಿಟ್ಟು ಒಳಗೆ ಹೋದಳು. ನಿಲ್ದಾಣದ ಕಡೆಯಿಂದ ಬಾಗಲಕೋಟೆಯ ಬಸ್ಸಿನ ಹಾರ್ನ್ ಕೇಳಿಸಿತು. ಕೃಷ್ಣಾಜಿ ಬೂದಿಗೆ ಬೆರಳದ್ದಿ, ಎಳೆಯನ್ನು ಹುಡುಕತೊಡಗಿದರು. ಅಷ್ಟು ಎಳೆಗಳ ನಡುವೆ, ಈಗಷ್ಟೇ ಹಿಡಿದಿದ್ದದ್ದು ಯಾವುದೆಂದು ಅವರಿಗೆ ತಿಳಿಯಲಿಲ್ಲ.